ಕಾವು ಪೆಟ್ಟಿಗೆ ಪಕ್ಕ ಗೈಗರ್ ಕೌಂಟರ್: 9ನೇ ದಿನ

ನಿನ್ನೆ ರಾತ್ರಿ ಟಾರ್ಚ್ ಹಿಡಿದು ಆರೂ ಊರಕೋಳಿ ಮೊಟ್ಟೆ ನೋಡಿದೆ. ನಾಲ್ಕರಲ್ಲಿ ಜೀವ ಇದೆ. ಕೆಂಪು ನರಗಳು ಬೇರಿನ ಹಾಗೆ ಹರಡಿವೆ, ನಡುವೆ ಕಪ್ಪು ಚುಕ್ಕಿಯಂಥ ಕಣ್ಣು. ಕೈ ಅಲ್ಲಾಡಿಸದೆ ಹಿಡಿದರೆ ಮರಿ ಮಿಸುಕುವುದೂ ಕಾಣುತ್ತದೆ. ಒಂದು ಮೊಟ್ಟೆ ಖಾಲಿ. ಇನ್ನೊಂದರಲ್ಲಿ ನರಗಳೇ ಇಲ್ಲ, ಬಳೆಯ ಹಾಗೆ ರಕ್ತದ ಒಂದು ಸುತ್ತು ಮಾತ್ರ. ಮೊದಲ ದಿನಗಳಲ್ಲೇ ಸತ್ತ ಗುರುತು ಅದು. ನೋಡಿ ಸಂಕಟ ಆಯಿತು.

ಮೊಟ್ಟೆಗಳ ಜೊತೆ ಈ ವಿಕಿರಣದ ಲೆಕ್ಕ ಶುರು ಮಾಡಿದ್ದು ಅತ್ತಿಗೆಗೋಸ್ಕರ. ಕೆಮ್ಮು ಅಂತ ಎದೆಯ ಎಕ್ಸ್‌ರೇ ತೆಗೆಸಿದ್ದರು, ಬಸುರಿ ಅಂತ ಗೊತ್ತಾಗಿದ್ದು ಆಮೇಲೆ. ನೆಂಟರೊಬ್ಬರು "ಮಗುವಿಗೆ ವಿಕಿರಣ ತಗಲಿರುತ್ತೆ, ಗರ್ಭ ತೆಗೆಸಿಬಿಡಿ" ಅಂದೇಬಿಟ್ಟರು. ಆ ಮಾತು ಕೇಳಿ ಅತ್ತಿಗೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ವಿಕಿರಣ ಅಳೆಯುವ ಗೈಗರ್ ಕೌಂಟರನ್ನು ಪೆಟ್ಟಿಗೆ ಪಕ್ಕದಲ್ಲೇ ಇಟ್ಟಿದ್ದೇನೆ. ತೀರ್ಥಹಳ್ಳಿ ಹತ್ತಿರದ ನಮ್ಮ ಜಂಬಿಟ್ಟಿಗೆ ಗೋಡೆಯ ಮನೆಯಲ್ಲಿ ಗಂಟೆಗೆ ಸುಮಾರು 0.13 ಮೈಕ್ರೋಸೀವರ್ಟ್ ತೋರಿಸುತ್ತಿದೆ. ಮಣ್ಣು, ಗೋಡೆ, ಆಕಾಶ ಎಲ್ಲದರಿಂದ ಬರುವ ವಿಕಿರಣ ಅದು. ಮರಿಯಾಗಲು 21 ದಿನ, ಅಂದರೆ 504 ಗಂಟೆ. ಗುಣಿಸಿದರೆ ಒಟ್ಟು ಸುಮಾರು 65 ಮೈಕ್ರೋಸೀವರ್ಟ್, ಅಂದರೆ 0.065 ಮಿಲಿಸೀವರ್ಟ್. ಮೈ ಹೀರಿಕೊಂಡ ವಿಕಿರಣವನ್ನು ಮಿಲಿಗ್ರೇಯಲ್ಲಿ ಅಳೆಯುತ್ತಾರೆ; ಎಕ್ಸ್‌ರೇ, ಗಾಮಾ ಕಿರಣಗಳ ಲೆಕ್ಕದಲ್ಲಿ ಅದೂ ಹೆಚ್ಚುಕಡಿಮೆ ಅಷ್ಟೇ. ಎದೆಯ ಎಕ್ಸ್‌ರೇಯಲ್ಲಿ ಗರ್ಭಕ್ಕೆ ತಗಲುವುದು 0.01 ಮಿಲಿಗ್ರೇಗಿಂತ ಕಡಿಮೆ. ನಮ್ಮ ಮನೆಯೊಳಗೆ ಸುಮ್ನೆ ಮೂರು ವಾರ ಕೂತರೆ ಅದಕ್ಕಿಂತ ಆರು ಪಟ್ಟು ಜಾಸ್ತಿ! ಕಾಗದದ ಮೇಲೆ ಬರೆದು ತೋರಿಸಿದಾಗ ಅತ್ತಿಗೆ ಎರಡು ಸಲ ಗುಣಿಸಿ ನೋಡಿದರು.

ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2000ದಲ್ಲೇ ಹೇಳಿದೆ: ಗರ್ಭಕ್ಕೆ 100 ಮಿಲಿಗ್ರೇಗಿಂತ ಕಡಿಮೆ ತಗಲಿದ್ದರೆ ವಿಕಿರಣದ ಭಯಕ್ಕೆ ಗರ್ಭ ತೆಗೆಸಬೇಕಾಗಿಲ್ಲ. ಹಾಗಂತ ಸಣ್ಣ ಪ್ರಮಾಣ ಅಂದರೆ ಏನೂ ಇಲ್ಲ ಅಂತಲ್ಲ. ಬಸುರಿಯರ ಹೊಟ್ಟೆಯ ಎಕ್ಸ್‌ರೇಗೂ ಮಕ್ಕಳ ಕ್ಯಾನ್ಸರಿಗೂ ನಂಟಿದೆ ಅಂತ ಬ್ರಿಟಿಷ್ ವೈದ್ಯೆ ಆಲಿಸ್ ಸ್ಟೀವರ್ಟ್ 1950ರ ದಶಕದಲ್ಲೇ ತೋರಿಸಿದ್ದರು. ಅದಕ್ಕೇ ಇವತ್ತಿಗೂ ಎಕ್ಸ್‌ರೇ ಕೋಣೆಯಲ್ಲಿ "ಬಸುರಿಯಾ?" ಅಂತ ಕೇಳುತ್ತಾರೆ, ಕೇಳಲೇಬೇಕು.

ಮನುಷ್ಯರಲ್ಲಿ ಮೊದಲ ಎರಡು ವಾರದ ಭ್ರೂಣಕ್ಕೆ ವಿಕಿರಣ ತಗಲಿದರೆ ಆಗುವ ರೀತಿಯೇ ಬೇರೆ. ಆಗ ಜೀವಕೋಶಗಳಿಗೆ ಇನ್ನೂ ಇಂಥದ್ದೇ ಕೆಲಸ ಅಂತ ಗಟ್ಟಿಯಾಗಿರುವುದಿಲ್ಲ. ಕೆಲವು ಸತ್ತರೆ ಉಳಿದವು ಆ ಜಾಗ ತುಂಬುತ್ತವೆ. ಜಾಸ್ತಿ ಸತ್ತರೆ ಗರ್ಭವೇ ನಿಲ್ಲುವುದಿಲ್ಲ. ನನ್ನ ಪೆಟ್ಟಿಗೆಯಲ್ಲಿ ಈ ಹಂತ ಕಾಣಿಸುವುದಿಲ್ಲ. ಕೋಳಿ ಮೊಟ್ಟೆ ಇಡುವಾಗಲೇ ಒಳಗೆ ಹತ್ತಾರು ಸಾವಿರ ಜೀವಕೋಶಗಳಾಗಿರುತ್ತವೆ.

ಹಾಗಾದರೆ ಆ ರಕ್ತದ ಬಳೆ? ಆರೂ ಮೊಟ್ಟೆಗೆ ತಗಲಿದ್ದು ಒಂದೇ ವಿಕಿರಣ. ಆದರೆ ಮೂರನೇ ರಾತ್ರಿ ಮಳೆಗೆ ಕರೆಂಟ್ ಹೋಗಿ ಬಂದಾಗ ಥರ್ಮೋಸ್ಟಾಟಿನ ವೈರ್ ಜಾರಿತ್ತು. ಬಲ್ಬ್ ಆರಲೇ ಇಲ್ಲ. ಬೆಳಗ್ಗೆ ನೋಡಿದರೆ 41 ಡಿಗ್ರಿ, ಇರಬೇಕಾದ್ದು 37.5. ಆ ಮೊಟ್ಟೆ ಇದ್ದದ್ದು ಬಲ್ಬಿನ ಕೆಳಗೇ. ನನ್ನ ಅನುಮಾನ ಬಿಸಿಯ ಮೇಲೆ. ಈಗ ವೈರಿಗೆ ಸ್ಕ್ರೂ ಹಾಕಿದ್ದೇನೆ.

ಮೊಟ್ಟೆ ತಿರುಗಿಸುವ ಕೆಲಸ ಇವತ್ತಿನಿಂದ ಅತ್ತಿಗೆಯದು. ದಿನಕ್ಕೆ ಮೂರು ಸಲ, 18ನೇ ದಿನದವರೆಗೆ. ಯಾವ ಮಗ್ಗುಲು ಮೇಲಿತ್ತು ಅಂತ ಗೊತ್ತಾಗಲು ನಾಲ್ಕಕ್ಕೂ ಅವರೇ ಪೆನ್ಸಿಲ್ ಗುರುತು ಹಾಕಿದ್ದಾರೆ.