ರಾತ್ರಿ ಓಡುವ 400 ಟೆಸ್ಟ್‌ಗಳಿಗೆ ಕಂಟ್ರೋಲ್ ಚಾರ್ಟ್: ಎಂಟು ವಾರಗಳ ಲಾಗ್

ವಾರ 1

ಕೆಲಸ ಇಷ್ಟು: ನಮ್ಮ ಸಾಫ್ಟ್‌ವೇರನ್ನು ಪರೀಕ್ಷಿಸಲು ದಿನಾ ರಾತ್ರಿ ಓಡುವ 400 ಆಟೊಮೇಟೆಡ್ ಟೆಸ್ಟ್‌ಗಳಲ್ಲಿ ಎಷ್ಟು ಫೇಲ್ ಆದವು ಎಂಬ ಒಂದೇ ಸಂಖ್ಯೆಯನ್ನು ಕಾರ್ಖಾನೆಯ ಗುಣಮಟ್ಟ ವಿಭಾಗದವರು ನೋಡುವ ಹಾಗೆ ನೋಡುವುದು. ಇಲ್ಲಿಯವರೆಗೆ ನಿನ್ನೆ 5 ಇದ್ದದ್ದು ಇವತ್ತು 9 ಆದರೆ ಬೆಳಗಿನ ಸ್ಟ್ಯಾಂಡಪ್‌ನಲ್ಲಿ (ತಂಡದ ದಿನದ ಚುಟುಕು ಸಭೆ) "ಯಾಕೆ ಜಾಸ್ತಿ ಆಯ್ತು?" ಎಂಬ ಪ್ರಶ್ನೆ ಬರುತ್ತಿತ್ತು. ಯಾರಾದರೊಬ್ಬರು ಅರ್ಧ ದಿನ ಕೂತು ಒಂದು ಕಾರಣ ಹುಡುಕಿ ತರುತ್ತಿದ್ದರು. ಮಾರನೆಯ ದಿನ 4ಕ್ಕೆ ಇಳಿದರೆ ಆ ಕಾರಣವೇ ನಿಜ ಎಂದು ಎಲ್ಲರಿಗೂ ಖಾತ್ರಿಯಾಗುತ್ತಿತ್ತು. ಯಾರೂ ಏನೂ ಮಾಡದಿದ್ದರೂ ಅದು ಇಳಿಯುತ್ತಿತ್ತು.

ಅಮೆರಿಕದ ಇಂಜಿನಿಯರ್ ವಾಲ್ಟರ್ ಶೂಹಾರ್ಟ್ 1924ರಲ್ಲಿ ಮೊದಲ ಕಂಟ್ರೋಲ್ ಚಾರ್ಟ್ (ಸಂಖ್ಯೆಗಳನ್ನು ಸರಾಸರಿ ಮತ್ತು ಮೇಲಿನ-ಕೆಳಗಿನ ಮಿತಿಯ ಗೆರೆಗಳ ಜೊತೆ ತೋರಿಸುವ ನಕ್ಷೆ) ಬರೆದದ್ದು ಇದೇ ಗೊಂದಲ ಬಿಡಿಸಲು. ವ್ಯವಸ್ಥೆಯೊಳಗೇ ಇರುವ ದಿನನಿತ್ಯದ ಏರಿಳಿತ ಒಂದು, ಹೊರಗಿನಿಂದ ಬಂದು ಬಿದ್ದ ಕಾರಣ ಇನ್ನೊಂದು. ಎರಡಕ್ಕೂ ಮದ್ದು ಬೇರೆ ಬೇರೆ.

ಎಣಿಸುವ ಮುಂಚೆ ಏನನ್ನು ಎಣಿಸುತ್ತಿದ್ದೇವೆ ಎಂಬುದು ಇತ್ಯರ್ಥವಾಗಬೇಕು. ಫೇಲ್ ಆದ ಟೆಸ್ಟನ್ನು ಎರಡು ಸಲ ಮತ್ತೆ ಓಡಿಸಿ, ಒಮ್ಮೆ ಪಾಸಾದರೂ ಹಸಿರು ತೋರಿಸುವ ಸೆಟ್ಟಿಂಗ್ ಇತ್ತು. ಮೂರಕ್ಕೊಮ್ಮೆ ಕಾಣಿಸಿಕೊಳ್ಳುವ ನಿಜವಾದ ಬಗ್ ಇದೆ ಎಂದುಕೊಳ್ಳಿ. ಮೂರೂ ಸಲ ಬಿದ್ದರೆ ಮಾತ್ರ ಕೆಂಪು ಎಂದರೆ ಅದು ಕಣ್ಣಿಗೆ ಬೀಳುವುದು 27 ರಾತ್ರಿಗೊಮ್ಮೆ. ಬಳಕೆದಾರರಿಗೆ ಮಾತ್ರ ಮೂರಕ್ಕೊಮ್ಮೆ. ಹಾಗಾಗಿ ಮರು ಓಟ ಇರಲಿ, ಆದರೆ ಚಾರ್ಟಿಗೆ ಹೋಗುವುದು ಮೊದಲ ಓಟದ ಫಲಿತಾಂಶ ಮಾತ್ರ.

ವಾರ 2 ಮತ್ತು 3

ಹತ್ತು ರಾತ್ರಿಗಳ ಸಂಖ್ಯೆ: 3, 12, 5, 9, 14, 4, 11, 6, 13, 3. ಸರಾಸರಿ 8.

ಮೊದಲು ಪ್ರಯತ್ನಿಸಿದ್ದು ಪಿ-ಚಾರ್ಟ್, ಅಂದರೆ ಒಟ್ಟಿನಲ್ಲಿ ಎಷ್ಟು ಪಾಲು ಫೇಲ್ ಎಂಬುದರ ಕಂಟ್ರೋಲ್ ಚಾರ್ಟ್. ಫೇಲ್ ಪ್ರಮಾಣ 0.02 (400ರಲ್ಲಿ 8); 0.02 × 0.98 ÷ 400ರ ವರ್ಗಮೂಲ 0.007, ಅದರ ಮೂರು ಪಟ್ಟು 0.021. ಮೇಲಿನ ಮಿತಿ 0.041, ಅಂದರೆ 16 ಫೇಲ್. ಲೆಕ್ಕ ಸರಿ, ಆದರೆ ಇಲ್ಲಿಗೆ ಹೊಂದುವುದಿಲ್ಲ. ಒಂದು ಟೆಸ್ಟ್ ಬೀಳುವುದಕ್ಕೂ ಇನ್ನೊಂದು ಬೀಳುವುದಕ್ಕೂ ಸಂಬಂಧವಿಲ್ಲ ಎಂದು ಈ ಸೂತ್ರ ಹಿಡಿದುಕೊಳ್ಳುತ್ತದೆ. ಸಾಫ್ಟ್‌ವೇರ್‌ನಲ್ಲಿ ಹಾಗಿಲ್ಲ. ಲಾಗಿನ್ ಸರ್ವಿಸ್ ಕೆಲ ಸೆಕೆಂಡು ತಡವಾದರೆ ಅದನ್ನು ನಂಬಿಕೊಂಡ ಏಳೆಂಟು ಟೆಸ್ಟ್‌ಗಳು ಒಟ್ಟಿಗೇ ಮಗುಚುತ್ತವೆ. ಆಗ ಮಿತಿ ಬಿಗಿಯಾಗಿ, ಸುಳ್ಳು ಎಚ್ಚರಿಕೆಗಳು ಹೆಚ್ಚುತ್ತವೆ.

ಅದಕ್ಕೇ ಎಕ್ಸ್‌ಎಂಆರ್ ಚಾರ್ಟ್: ಪ್ರತಿ ದಿನದ ಸಂಖ್ಯೆ, ಜೊತೆಗೆ ಹಿಂದಿನ ದಿನಕ್ಕೂ ಅದಕ್ಕೂ ಇರುವ ವ್ಯತ್ಯಾಸ. ಇದು ಡೇಟಾದ ಸ್ವಂತ ಏರಿಳಿತವನ್ನೇ ಅಳೆಯುತ್ತದೆ. ಪಕ್ಕಪಕ್ಕದ ರಾತ್ರಿಗಳ ವ್ಯತ್ಯಾಸ 9, 7, 4, 5, 10, 7, 5, 7, 10, ಸರಾಸರಿ 7.11. ಅದನ್ನು ಈ ಚಾರ್ಟಿನ ನಿಗದಿತ ಗುಣಕ 2.66ರಿಂದ ಗುಣಿಸಿದರೆ 18.9. ಮೇಲಿನ ಮಿತಿ 8 + 18.9, ಅಂದರೆ 26.9. ಕೆಳಗಿನದು ಸೊನ್ನೆಗಿಂತ ಕಡಿಮೆ, ಆದ್ದರಿಂದ ಅದನ್ನು ಬಿಟ್ಟಿದ್ದೇವೆ.

ಸ್ಪ್ರೆಡ್‌ಶೀಟ್‌ನ ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ಎಷ್ಟು ಚದುರಿದೆ ಎಂಬ ಅಳತೆ) ಫಂಕ್ಷನ್ನಿಗೆ ಎಲ್ಲ ಬಿಂದುಗಳನ್ನೂ ಕೊಟ್ಟು ಮಿತಿ ಎಳೆಯುವುದು ಇಲ್ಲಿ ತುಂಬ ಸಾಮಾನ್ಯವಾದ ತಪ್ಪು. ಒಂದು ಕೆಟ್ಟ ರಾತ್ರಿ ಇದ್ದರೆ ಅದೇ ಮಿತಿಯನ್ನು ಮೇಲಕ್ಕೆ ಎತ್ತಿ ತಾನು ಅದರೊಳಗೆ ಅಡಗಿಕೊಳ್ಳುತ್ತದೆ. ಹತ್ತು ಬಿಂದುಗಳ ಮಿತಿ ತಾತ್ಕಾಲಿಕ. ಇಪ್ಪತ್ತಾದ ಮೇಲೆ ಒಮ್ಮೆ ತಿದ್ದಿ, ಆಮೇಲೆ ವ್ಯವಸ್ಥೆಯೇ ಬದಲಾಗುವವರೆಗೆ ಮುಟ್ಟಬಾರದು.

ಸ್ಟ್ಯಾಂಡಪ್‌ಗೆ ಹೊಸ ನಿಯಮ: ಮಿತಿ ದಾಟಿದರೆ, ಅಥವಾ ಸತತ ಎಂಟು ರಾತ್ರಿ ಸರಾಸರಿಯ ಒಂದೇ ಕಡೆ ಇದ್ದರೆ ಮಾತ್ರ "ಈ ಸಂಖ್ಯೆ ಯಾಕೆ?" ಎಂದು ಕೇಳಬಹುದು. ಫೇಲ್ ಆದ ಪ್ರತಿ ಟೆಸ್ಟನ್ನೂ ನೋಡಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಬಿಟ್ಟದ್ದು ಒಟ್ಟು ಸಂಖ್ಯೆಯ ಏರಿಳಿತಕ್ಕೆ ಕಥೆ ಕಟ್ಟುವುದನ್ನು ಮಾತ್ರ.

ವಾರ 4

"ಎಲ್ಲ ಹಸಿರು" ಎಂಬ ಗುರಿಯನ್ನು ಲೆಕ್ಕಕ್ಕೆ ಹಾಕಿ ನೋಡಿದ್ದಾಯಿತು. ಕೋಡ್‌ನಲ್ಲಿ ತಪ್ಪಿಲ್ಲದಿದ್ದರೂ ಪ್ರತಿ ಟೆಸ್ಟ್ ಸುಮ್ಮನೆ ಬೀಳುವ ಸಂಭವ 0.5% ಇದ್ದರೆ, 400 ಟೆಸ್ಟ್‌ಗಳೂ ಪಾಸಾಗುವ ಸಂಭವ ಬರೀ 13%. ಅದನ್ನು 0.1%ಕ್ಕೆ ಇಳಿಸಿದರೆ 67%. ಒತ್ತಡ ಹಾಕಿ ಹಸಿರು ಮಾಡಿಸಲು ಆಗುವುದಿಲ್ಲ. ಒಂದೊಂದು ಟೆಸ್ಟಿನ ಅಸ್ಥಿರತೆಯನ್ನೇ ಕಡಿಮೆ ಮಾಡಬೇಕು.

ವಾರ 5

ಮಂಗಳವಾರ ರಾತ್ರಿ 31. ಮಿತಿ ದಾಟಿದ ಮೊದಲ ಬಿಂದು. ಲಾಗ್ ತೆರೆದರೆ 24 ಟೆಸ್ಟ್‌ಗಳು ಒಂದೇ ಸಾಲಿನಲ್ಲಿ ನಿಂತಿವೆ: "ಈ ಇಮೇಲ್ ಈಗಾಗಲೇ ನೋಂದಣಿಯಾಗಿದೆ." ಟೆಸ್ಟ್ ಡೇಟಾಬೇಸ್ ತೊಳೆಯುವ ಜಾಬ್ ರಾತ್ರಿ 1 ಗಂಟೆಗೆ, ಟೆಸ್ಟ್ ಶುರುವಾಗುವುದು 1:30ಕ್ಕೆ. ಡೇಟಾ ಬೆಳೆದು ತೊಳೆಯುವ ಕೆಲಸ ಅಂದು ಅರ್ಧ ಗಂಟೆ ಮೀರಿತ್ತು.

ಟೆಸ್ಟ್ ಶುರುವಾಗುವ ಸಮಯವನ್ನು 2 ಗಂಟೆಗೆ ತಳ್ಳಿದ್ದರೆ ಒಂದೆರಡು ತಿಂಗಳು ತಡೆಯುತ್ತಿತ್ತು, ಅಷ್ಟೆ. ಅದರ ಬದಲು ಪ್ರತಿ ಟೆಸ್ಟ್ ತನ್ನ ಬಳಕೆದಾರನನ್ನು ತಾನೇ ಸೃಷ್ಟಿಸಿಕೊಳ್ಳುವಂತೆ ಮಾಡಲಾಯಿತು: ಇಮೇಲ್ ಹೆಸರಿಗೆ ಓಟದ ಐಡಿ ಮತ್ತು ಟೆಸ್ಟ್ ಐಡಿ ಅಂಟಿಸುವುದು. ಹಳೆಯ ಡೇಟಾ ಉಳಿದಿದ್ದರೂ ಡಿಕ್ಕಿಯಾಗುವುದಿಲ್ಲ.

ವಾರ 6

ಟೆಸ್ಟರ್‌ಗಳ ಹೆಸರಿನ ಮುಂದೆ ವಾರದ ಬಗ್ ಸಂಖ್ಯೆ ತೋರಿಸುವ ಬೋರ್ಡ್ ತೆಗೆದುಹಾಕಲಾಯಿತು. ಅದು ಇದ್ದಷ್ಟು ದಿನ ಒಂದು ಬಗ್ ಮೂರಾಗಿ ಒಡೆದು ಬರುತ್ತಿತ್ತು, ಕಷ್ಟದ ಮಾಡ್ಯೂಲ್ ಯಾರಿಗೂ ಬೇಡವಾಗುತ್ತಿತ್ತು.

ಯಾಕೆ ತೆಗೆದದ್ದು ಎಂದು ವಿವರಿಸಲು ಗುಣಮಟ್ಟ ತಜ್ಞ ಡೆಮಿಂಗ್ ಅವರ ಕೆಂಪು ಮಣಿ ಪ್ರಯೋಗವನ್ನು ತಂಡದ ಮುಂದೆ ಸ್ಪ್ರೆಡ್‌ಶೀಟ್‌ನಲ್ಲೇ ಮಾಡಿ ತೋರಿಸಿದ್ದು ಒಳ್ಳೆಯದಾಯಿತು. 4000 ಮಣಿಗಳಲ್ಲಿ 800 ಕೆಂಪು, ಪ್ರತಿಯೊಬ್ಬರೂ ಕಣ್ಣು ಮುಚ್ಚಿ 50 ತೆಗೆಯಬೇಕು. ಸರಾಸರಿ 10 ಕೆಂಪು. 2ರಿಂದ 18ರವರೆಗೆ ಏನು ಬಂದರೂ ಅದು ಡಬ್ಬಿಯ ಗುಣ, ತೆಗೆದವರ ಗುಣವಲ್ಲ. 6 ಬಂದವರನ್ನು ಹೊಗಳಿ 14 ಬಂದವರನ್ನು ಬೈಯುವ ಮೇಲಧಿಕಾರಿ ಡಬ್ಬಿಯನ್ನು ಮುಟ್ಟಿಯೇ ಇರುವುದಿಲ್ಲ. ಡಬ್ಬಿಯಲ್ಲಿ ಕೆಂಪು ಮಣಿ ಕಡಿಮೆ ಮಾಡುವುದು ತಂಡ ನಡೆಸುವವರ ಕೆಲಸ.

ಇದೇ ಕಾರಣಕ್ಕೆ ಬಗ್ ವರ್ಗೀಕರಣದಿಂದ "ಗಮನ ತಪ್ಪಿದ್ದು" ಎಂಬ ಆಯ್ಕೆಯನ್ನೂ ತೆಗೆದಾಯಿತು. ಅದು ಇರುವವರೆಗೆ ಎಲ್ಲವೂ ಅಲ್ಲಿಗೇ ಹೋಗುತ್ತದೆ, ಮುಂದಿನ ಪ್ರಶ್ನೆ ಹುಟ್ಟುವುದೇ ಇಲ್ಲ.

ವಾರ 7

ಎಲ್ಲರ ಕೋಡ್ ಬಂದು ಸೇರುವ ಮೇನ್ ಬ್ರಾಂಚ್‌ನಲ್ಲಿ ಟೆಸ್ಟ್ ಬಿದ್ದು ಕೆಂಪಾದರೆ ಯಾರೂ ಮರ್ಜ್ ಮಾಡುವಂತಿಲ್ಲ, ಅಂದರೆ ಹೊಸ ಕೋಡ್ ಸೇರಿಸುವಂತಿಲ್ಲ. 10 ನಿಮಿಷದಲ್ಲಿ ಸರಿಯಾಗದಿದ್ದರೆ ನೋಡಿದವರೇ ರಿವರ್ಟ್ ಮಾಡಬೇಕು (ಆ ಬದಲಾವಣೆಯನ್ನು ಹಿಂದೆ ತೆಗೆಯಬೇಕು), ಅನುಮತಿ ಕೇಳಬೇಕಿಲ್ಲ. ತೊಂದರೆ ಕಂಡ ಯಾವ ಕಾರ್ಮಿಕನೂ ಎಳೆದು ಉತ್ಪಾದನಾ ಸಾಲನ್ನು ನಿಲ್ಲಿಸಬಹುದಾದ ಟೊಯೊಟಾದ ಆಂಡನ್ ಹಗ್ಗದ ತತ್ವವೇ ಇದು. ಮೊದಲ ದಿನಗಳಲ್ಲಿ ಹಿರಿಯರ ಕೋಡ್ ರಿವರ್ಟ್ ಮಾಡಲು ಕಿರಿಯರು ಹಿಂಜರಿದರು. ಟೀಮ್ ಲೀಡ್ ತನ್ನದೇ ಬದಲಾವಣೆಯನ್ನು ರಿವರ್ಟ್ ಮಾಡಿದವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಿದ ಮೇಲೆ ಅದು ಸಲೀಸಾಯಿತು.

ವಾರ 8

ಸತತ ಎಂಟು ರಾತ್ರಿ ಸರಾಸರಿಗಿಂತ ಕೆಳಗೆ: 4, 6, 3, 5, 2, 5, 4, 3. ವ್ಯವಸ್ಥೆ ಬದಲಾಗಿದೆ, ಕಾರಣವೂ ಗೊತ್ತಿದೆ, ಆದ್ದರಿಂದ ಗೆರೆ ಹೊಸದಾಗಿ ಎಳೆಯಬಹುದು. ಸರಾಸರಿ 4, ವ್ಯತ್ಯಾಸದ ಸರಾಸರಿ 2.14, ಮೇಲಿನ ಮಿತಿ 9.7. ಮೊದಲು 12 ಬಂದರೂ ಲೆಕ್ಕಕ್ಕಿರಲಿಲ್ಲ. ಈಗ 10 ಬಂದರೆ ಕಾರಣ ಹುಡುಕಲೇಬೇಕು.

ಬಾಕಿ: ಲಾಗಿನ್ ಸರ್ವಿಸ್‌ನ ಟೈಮ್‌ಔಟ್. ಉಳಿದ ಫೇಲ್‌ಗಳಲ್ಲಿ ಹೆಚ್ಚಿನವು ಈಗಲೂ ಅಲ್ಲಿಂದಲೇ ಬರುತ್ತಿವೆ. ಕಾಯುವ ಸಮಯ ಹೆಚ್ಚಿಸುವ ಮುಂಚೆ ಅದು ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದೆ ಎಂಬುದನ್ನೂ ಇದೇ ರೀತಿ 20 ರಾತ್ರಿ ಅಳೆಯಬೇಕು.