ಅಜ಼ಕೆರು: ಬಾಯಿಬಿಟ್ಟು ಹೀಯಾಳಿಸುವುದು

16 ನವೆಂಬರ್ 2025, ಭಾನುವಾರ

ಜಪಾನಿ ಭಾಷಾ ಪರೀಕ್ಷೆಗಳಲ್ಲಿ ಎಲ್ಲಕ್ಕಿಂತ ಕಷ್ಟದ ಹಂತವಾದ ಎನ್-1 ಡಿಸೆಂಬರ್ ಮೊದಲ ಭಾನುವಾರ. 2010ರಲ್ಲಿ ಪರೀಕ್ಷೆ ಹೊಸ ರೂಪಕ್ಕೆ ಬಂದಮೇಲೆ ಅಧಿಕೃತ ಪದಪಟ್ಟಿಯೇ ಇಲ್ಲ. ಕಾದಂಬರಿ, ಸಂಪಾದಕೀಯಗಳಲ್ಲಷ್ಟೇ ಕಾಣುವ ಕ್ರಿಯಾಪದಗಳನ್ನೂ ಬಿಡುವ ಹಾಗಿಲ್ಲ. ಇವತ್ತಿನದು ಅಜ಼ಕೆರು.

ಹೆಚ್ಚಿನವರು ಎಡವುವುದು ರೂಪದಲ್ಲಿ. ಕೊನೆಗೆ ‘ಎರು’ ಕಂಡದ್ದೇ ತಡ, ತಬೆರು (ತಿನ್ನು) ಜಾತಿಯದ್ದೆಂದು ಅಜ಼ಕೆನೈ, ಅಜ಼ಕೆತೆ ಎಂದು ಬರೆದುಬಿಡುತ್ತಾರೆ. ಎರಡೂ ತಪ್ಪು. ಇದು ಗೊದಾನ್ ಗುಂಪಿನದು, ಅಂದರೆ ಕೊನೆಯ ‘ರು’ ಬಿದ್ದುಹೋಗದೆ ರ, ರಿ, ತ್ತೆ ಎಂದು ಬದಲಾಗುವ ಜಾತಿ; ಕಾಎರು (ಮರಳು), ಸುಬೆರು (ಜಾರು) ಇದರ ನೆಂಟರು. ಆದ್ದರಿಂದ ಅಜ಼ಕೆರನೈ (ಹೀಯಾಳಿಸುವುದಿಲ್ಲ), ಅಜ಼ಕೆರಿಮಸು (ವಿನಯದ ರೂಪ), ಅಜ಼ಕೆತ್ತೆ (ಹೀಯಾಳಿಸಿ), ಕರ್ಮಣಿಯಲ್ಲಿ ಅಜ಼ಕೆರರೆರು. ‘ತ್ತೆ’ ಒತ್ತಿ ಹೇಳುವುದು ಕನ್ನಡದ ನಾಲಿಗೆಗೆ ಸಲೀಸು, ಬರೆಯುವಾಗ ಮಾತ್ರ ಆ ಒತ್ತನ್ನು ತೋರಿಸುವ ಚಿಕ್ಕ ‘ತ್ಸು’ ಅಕ್ಷರ ಬಿಟ್ಟುಹೋಗುತ್ತದೆ.

ಇದನ್ನು ಬರೆಯುವ ಕಾಂಜಿಗೆ (ಚೀನೀ ಮೂಲದ ಲಿಪಿಚಿಹ್ನೆ) 15 ಗೆರೆ: ಎಡಕ್ಕೆ ಬಾಯಿ, ಬಲಕ್ಕೆ ಬೆಳಗು ಎನ್ನುವ ‘ಅಸ’. ಬೆಳಗಿಗೂ ಹೀಯಾಳಿಕೆಗೂ ಕಥೆ ಕಟ್ಟುವುದು ಬೇಡ, ಬಲಭಾಗ ಕೊಡುವುದು ‘ಚೋ’ ಎಂಬ ಉಚ್ಚಾರವನ್ನಷ್ಟೇ. ಚೋಶೋ (ಅಪಹಾಸ್ಯ), ಜಿಚೋ (ತನ್ನನ್ನೇ ಹಳಿದುಕೊಳ್ಳುವುದು) ಎರಡರಲ್ಲೂ ಅದೇ. ದಿನಬಳಕೆಗೆಂದು ಜಪಾನ್ ಸರ್ಕಾರ ಗೊತ್ತುಮಾಡಿದ ಜೋಯೋ ಕಾಂಜಿ ಪಟ್ಟಿಗೆ ಇದು ಸೇರಿದ್ದು 2010ರಲ್ಲಿ.

ಎಡಗಡೆಯ ಬಾಯಿ ಮಾತ್ರ ನೆನಪಿರಲಿ. ಅಜ಼ಕೆರು ಎಂದರೆ ತಾತ್ಸಾರ ಮಾತಾಗಿಯೋ ನಗುವಾಗಿಯೋ ಹೊರಬೀಳಬೇಕು. ‘ಹಿತೊ ನೊ ಶಿಪ್ಪೈ ಒ ಅಜ಼ಕೆರು’ ಅಂದರೆ ಇನ್ನೊಬ್ಬರ ಸೋಲನ್ನು ಆಡಿಕೊಳ್ಳುವುದು. ತುಟಿ ಬಿಚ್ಚದೆ, ಬರೀ ಕಣ್ಣಲ್ಲೇ ಕೀಳಾಗಿ ಕಂಡರೆ ಸಗೆಸುಮು. ಎದುರಾಳಿಯನ್ನು ‘ಇವನೇನು ಮಹಾ’ ಎಂದು ಲೆಕ್ಕಕ್ಕಿಡದಿದ್ದರೆ ಅನದೊರು. ಅದರ ‘ಆಗದು’ ಎನ್ನುವ ರೂಪ ಅನದೊರೆನೈ ಮೆಚ್ಚುಗೆಯ ಮಾತು, ‘ಹಗುರವಾಗಿ ಕಾಣುವ ಹಾಗಿಲ್ಲ’ ಎಂದು. ಆಯ್ಕೆಯ ಪ್ರಶ್ನೆಯಲ್ಲಿ ಈ ಮೂರನ್ನು ಅಕ್ಕಪಕ್ಕ ಇಟ್ಟರೆ ಅರ್ಥ ಬಾಯಿಪಾಠ ಮಾಡಿದವರು ತಬ್ಬಿಬ್ಬಾಗುತ್ತಾರೆ. ವಾಕ್ಯದಲ್ಲಿ ‘ಮೆ’ (ಕಣ್ಣು) ಇದ್ದರೆ ಮೊದಲು ಸಗೆಸುಮು ಕಡೆ ನೋಡಿ.

ಅಜ಼ವರೌ ಇದರ ದಾಯಾದಿ, ನಗುವೇ ಅದರ ಮುಖ್ಯ. ಪತ್ರಿಕೆಯವರಿಗೆ ಬಲು ಪ್ರೀತಿ: ‘ಕೇಸತ್ಸು ಒ ಅಜ಼ವರೌ ಕ ನೊ ಯೋ ನಿ’, ಪೊಲೀಸರನ್ನೇ ಅಣಕಿಸುವಂತೆ. ಕಳ್ಳತನದ ಸುದ್ದಿಗೆ ಸಿದ್ಧ ಒಗ್ಗರಣೆ!

ಗೆಳೆಯರ ಹರಟೆಯಲ್ಲಿ ಅಜ಼ಕೆರು ಬಳಸಿದರೆ ನಾಟಕದ ಡೈಲಾಗ್ ಹೊಡೆದಂತಾಗುತ್ತದೆ. ಕಾಲೆಳೆಯುವುದಕ್ಕೆ ಕರಕೌ ಸಾಕು; ನಿಜವಾಗಿ ಅವಮಾನವಾಗಿದ್ದರೆ ‘ಬಕ ನಿ ಸರೆತ’ ಅನ್ನಿ.