50 ಗುಂಡು ಕಿತ್ತ ಭಾನುವಾರ

ಭಾನುವಾರ, 9 ಮಾರ್ಚ್ 2025

ಬೆಳಗ್ಗೆಯಿಂದ ಸುತ್ತಿಗೆ ಬಡಿದು ಬಡಿದು ಬಲಗೈ ನೋಯುತ್ತಿದೆ. ಗುಂಡು ಕೀಳೋಕೆ ಅಂತಲೇ ಒಂದು ಸುತ್ತಿಗೆ ಇದೆ. ಟೊಳ್ಳು ತಲೆಯದು, ಪ್ಲಾಸ್ಟಿಕ್‌ನದು. ಅದರೊಳಗೆ ತೋಟಾ ಸಿಕ್ಕಿಸಿ ಮರದ ತುಂಡಿನ ಮೇಲೆ ಕುಕ್ಕಿದರೆ ಗುಂಡು ಕಳಚಿ ಬೀಳುತ್ತದೆ, ಮದ್ದೂ ಉದುರುತ್ತದೆ. ಒಂದೊಂದಕ್ಕೂ ಮೂರೋ ನಾಲ್ಕೋ ಏಟು. ಇವತ್ತು ಬಿಚ್ಚಿದ್ದು ಪೂರ್ತಿ 50. ಕಳೆದ ವಾರ ನಾನೇ ಕೂತು ತುಂಬಿಸಿದ್ದವು.

ನಿನ್ನೆ ಶೂಟಿಂಗ್ ರೇಂಜಿನಲ್ಲಿ ಮೊದಲನೇ ತೋಟಾಕ್ಕೇ ಪಿಸ್ತೂಲಿನ ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲಿನ ಭಾಗ) ಪೂರ್ತಿ ಮುಚ್ಚಲಿಲ್ಲ. ಕೂದಲೆಳೆಯಷ್ಟಲ್ಲ, ಕಣ್ಣಿಗೆ ಕಾಣುವಷ್ಟೇ ಹಿಂದೆ ನಿಂತಿತು. ಪಿಸ್ತೂಲಿನ ಮೂತಿಯನ್ನು ಗುರಿಯ ಕಡೆಗೇ ಇಟ್ಟು ಸ್ಲೈಡ್ ಎಳೆದರೆ ತೋಟಾ ಬಿಗಿಯಾಗಿ ಕಚ್ಚಿಕೊಂಡಿತ್ತು. ಎರಡನೆಯದೂ ಹಾಗೇ. ಅಂಗೈಯಿಂದ ಸ್ಲೈಡನ್ನು ಗುದ್ದಿ ಮುಚ್ಚುವ ಜನ ಇದ್ದಾರೆ. ನನಗೆ ಅಷ್ಟು ಧೈರ್ಯ ಇಲ್ಲ, ಬೇಕಾಗಿಯೂ ಇಲ್ಲ. ತಮಾಷೆ ಅಂದ್ರೆ ಪಕ್ಕದಲ್ಲಿದ್ದ ಗೆಳೆಯನ ಪಿಸ್ತೂಲಿನಲ್ಲಿ ಅದೇ ತೋಟಾ ಸಲೀಸಾಗಿ ಕೂತಿತು. ಅವನದೂ 9 ಎಂಎಂ, ನನ್ನದೂ 9 ಎಂಎಂ. ಹಾಗಂತ ನಾನು ತುಂಬಿಸಿದ್ದನ್ನು ಅವನ ಕೈಗೆ ಕೊಟ್ಟು ಹಾರಿಸು ಅನ್ನೋದಕ್ಕಾಗುತ್ತಾ? ಪೆಟ್ಟಿಗೆ ಮುಚ್ಚಿ ಮನೆಗೆ ಬಂದೆ.

ತಪ್ಪು ನನ್ನದೇ. ಹೋದ ವರ್ಷವೆಲ್ಲ ದುಂಡು ಮೂಗಿನ 124 ಗ್ರೇನ್ (ಸುಮಾರು 8 ಗ್ರಾಂ) ತೂಕದ ಗುಂಡು ಬಳಸಿದ್ದೆ. ತೋಟಾದ ಒಟ್ಟು ಉದ್ದ 29.2 ಮಿಲಿಮೀಟರ್. ಒಂದು ದಿನವೂ ತಕರಾರು ಮಾಡಿರಲಿಲ್ಲ. ಈ ಸಲ ತಂದದ್ದು ಚಪ್ಪಟೆ ಮೂಗಿನದು. ತೂಕ ಅದೇ ಅಲ್ವಾ ಅಂತ ಗುಂಡನ್ನು ಒತ್ತಿ ಕೂರಿಸುವ ಅಚ್ಚು, ಅಂದ್ರೆ ಡೈ, ಮುಟ್ಟದೆ ಅದೇ 29.2ಕ್ಕೆ ಕೂರಿಸಿದೆ. 9 ಎಂಎಂಗೆ, ತೋಟಾಗಳ ಅಳತೆ ನಿಗದಿಮಾಡುವ ಅಮೆರಿಕದ ಸ್ಯಾಮಿ ಸಂಸ್ಥೆ ಹೇಳಿರುವ ಗರಿಷ್ಠ ಉದ್ದ 29.69. ಅದಕ್ಕಿಂತ ಕಡಿಮೆಯೇ ಇದೆಯಲ್ಲ ಅನ್ನೋ ನೆಮ್ಮದಿ ಬೇರೆ.

ಕ್ಯಾಲಿಪರ್ ಅಳೆಯುವುದು ಗುಂಡಿನ ಮೂಗಿನ ತುದಿಯನ್ನು. ನಳಿಗೆಗೆ ತಾಗುವುದು ಗುಂಡಿನ ಭುಜ, ಅಂದ್ರೆ ಅದು ಸಣ್ಣಗಾಗಲು ಶುರುವಾಗುವ ಜಾಗ. ದುಂಡು ಮೂಗಿನ ಗುಂಡು ನಿಧಾನವಾಗಿ ಸಣ್ಣಗಾಗುತ್ತಾ ಹೋಗುತ್ತದೆ, ಚಪ್ಪಟೆಯದು ತುದಿಯ ಹತ್ತಿರದವರೆಗೂ ದಪ್ಪವಾಗೇ ಇರುತ್ತದೆ. ಎರಡನ್ನೂ ಒಂದೇ ಉದ್ದಕ್ಕೆ ಕೂರಿಸಿದರೆ ಚಪ್ಪಟೆಯದರ ಭುಜ ಮುಂದಕ್ಕೆ ಬಂದು, ನಳಿಗೆಯೊಳಗಿನ ಸುರುಳಿ ಗೀರುಗಳು ಶುರುವಾಗುವ ಜಾಗಕ್ಕೆ ಮೊದಲೇ ಒತ್ತಿಕೊಳ್ಳುತ್ತದೆ. ಆ ಗೀರು ಎಲ್ಲಿಂದ ಶುರು ಅನ್ನೋದು ಒಂದೊಂದು ನಳಿಗೆಗೆ ಒಂದೊಂದು ಥರ. 29.69 ಅನ್ನೋದು ಮೀರಬಾರದ ಗಡಿ. ಅಲ್ಲಿಯವರೆಗೆ ಯಾವ ಗುಂಡಾದರೂ ಹಿಡಿಸುತ್ತದೆ ಅಂತ ಅಲ್ಲ.

ಮಧ್ಯಾಹ್ನ ಊಟ ಆದ ಮೇಲೆ ಡಮ್ಮಿ ಮಾಡಿದೆ. ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಬುಡದ ಬಿಲ್ಲೆ) ಇಲ್ಲ, ಮದ್ದು ಇಲ್ಲ, ಬರೀ ಕೇಸ್ (ತೋಟಾದ ಲೋಹದ ಕೊಳವೆ) ಮತ್ತು ಗುಂಡು. ಪಿಸ್ತೂಲು ಖಾಲಿ ಅಂತ ಎರಡು ಸಲ ನೋಡಿ, ನಳಿಗೆ ಬಿಚ್ಚಿ ಹೊರಗೆ ತೆಗೆದೆ. ಗುಂಡಿಗೆ ಕಪ್ಪು ಮಾರ್ಕರ್ ಬಳಿದು, 29.2ರ ಡಮ್ಮಿಯನ್ನು ಛೇಂಬರಿಗೆ, ಅಂದ್ರೆ ನಳಿಗೆಯಲ್ಲಿ ತೋಟಾ ಕೂರುವ ಜಾಗಕ್ಕೆ, ಇಳಿಬಿಟ್ಟೆ. ಕೂತಿತು, ಆದರೆ ಬುಡ ನಳಿಗೆಯ ಹಿಂದಿನ ನಾಲಿಗೆಗಿಂತ ಮೇಲೇ ಉಳಿಯಿತು. ತಿರುಗಿಸಿದರೆ ತಿರುಗಲಿಲ್ಲ. ತೆಗೆದು ನೋಡಿದರೆ ಭುಜದ ಸುತ್ತ ಮಸಿ ಕೆರೆದು ಸಣ್ಣ ಸಣ್ಣ ಗುರುತು. ಕಳ್ಳ ಸಿಕ್ಕಿಬಿದ್ದ.

ಆಮೇಲೆ ಡೈ ಸ್ವಲ್ಪ ಸ್ವಲ್ಪವೇ ಇಳಿಸುತ್ತಾ ಬಂದೆ. 29.0, ಇಲ್ಲ. 28.8, ಇಲ್ಲ. 28.6ಕ್ಕೆ ಬುಡ ಸರಿಯಾಗಿ ಇಳಿಯಿತು, ಆದರೆ ತಿರುಗಿಸಿದರೆ ಇನ್ನೂ ಉಜ್ಜುತ್ತಿತ್ತು. 28.4ಕ್ಕೆ ಟಣ್ ಅಂತ ಬಿತ್ತು. ಆ ಸದ್ದಿನಿಂದಲೇ ಇದಕ್ಕೆ ಪ್ಲಂಕ್ ಟೆಸ್ಟ್ ಅಂತ ಹೆಸರು. ಬೆರಳಲ್ಲಿ ತಿರುಗಿಸಿದರೆ ಬುಗುರಿ ಥರ ತಿರುಗಿತು, ನಳಿಗೆ ಬೋರಲು ಹಾಕಿದರೆ ತಾನಾಗೇ ಜಾರಿ ಬಿತ್ತು. ಅಲ್ಲಿಗೇ ನಿಲ್ಲಿಸುವ ಹಾಗಿಲ್ಲ. ಕೇಸ್‌ಗಳು ಬೇರೆ ಬೇರೆ ಕಡೆಯವು, ತೋಟಾ ತುಂಬುವ ಪ್ರೆಸ್ ಕೂಡ ಸ್ವಲ್ಪ ಬಾಗುತ್ತದೆ, ಹಾಗಾಗಿ ಒಂದರಿಂದ ಒಂದಕ್ಕೆ 0.1 ಮಿಲಿಮೀಟರ್ ಹೆಚ್ಚುಕಮ್ಮಿ ಆಗೇ ಆಗುತ್ತದೆ. ಛೇಂಬರಿನಲ್ಲಿ ಮಸಿ ಕಟ್ಟುವುದು ಬೇರೆ. ಇನ್ನೂ 0.4 ಇಳಿಸಿ 28.0 ಅಂತ ನಿಲ್ಲಿಸಿದೆ.

ಹಾಗಾದ್ರೆ ಎಷ್ಟು ಬೇಕಾದ್ರೂ ಗಿಡ್ಡ ಮಾಡಬಹುದಲ್ಲ ಅಂದ್ರೆ, ಅಲ್ಲೇ ಇರುವುದು ಅಪಾಯ. ಗುಂಡು ಒಳಕ್ಕೆ ಹೋದಷ್ಟೂ ಮದ್ದಿನ ಜಾಗ ಕಿರಿದಾಗುತ್ತದೆ, ಒತ್ತಡ ಏರುತ್ತದೆ. 9 ಎಂಎಂ ಕೇಸ್ ಮೊದಲೇ ಪುಟ್ಟದು, ಅದಕ್ಕೆ ಅರ್ಧ ಮಿಲಿಮೀಟರ್ ಅಂದ್ರೂ ಜಾಸ್ತಿನೇ. ಅದಕ್ಕೇ ನಾನು ಒಟ್ಟು ಉದ್ದಕ್ಕಿಂತ ಆಳದ ಲೆಕ್ಕ ನೋಡುತ್ತೇನೆ. ಕೇಸ್ ಉದ್ದಕ್ಕೆ ಗುಂಡಿನ ಉದ್ದ ಕೂಡಿಸಿ ಒಟ್ಟು ಉದ್ದ ಕಳೆದರೆ ಆಯ್ತು. ಹಳೆಯ ಗುಂಡು 15.2, ಕೇಸ್ 19.0, ಒಟ್ಟು 29.2. ಅಂದ್ರೆ 5.0 ಒಳಗೆ. ಹೊಸ ಗುಂಡು 14.2, ಒಟ್ಟು 28.0. ಅಂದ್ರೆ 5.2 ಒಳಗೆ. ತೋಟಾ 1.2 ಗಿಡ್ಡವಾದರೂ ಆಳ ಹೆಚ್ಚಿದ್ದು ಬರೀ 0.2! ಹಾಗಿದ್ದರೂ ಹಳೆಯ ಮದ್ದಿನ ಅಳತೆಯನ್ನು ಹಾಗೇ ಹಾಕುವುದಿಲ್ಲ. ಈ ಗುಂಡಿಗೆ ತೋಟಾ ತುಂಬುವ ಕೈಪಿಡಿ ಕೊಟ್ಟಿರುವ ಆರಂಭದ ಅಳತೆಯಿಂದಲೇ ಶುರು. ಕೈಪಿಡಿಯಲ್ಲಿ ಬರೆದಿರುವುದು ಅವರ ನಳಿಗೆಯಲ್ಲಿ, ಅವರು ಕೂರಿಸಿದ ಉದ್ದಕ್ಕೆ ಸಿಕ್ಕ ಫಲ.

ಇನ್ನೊಂದು ಪರೀಕ್ಷೆ ಬಾಕಿ ಇತ್ತು. ನಳಿಗೆ ಮತ್ತೆ ಜೋಡಿಸಿ, ಡಮ್ಮಿಯನ್ನು ಮ್ಯಾಗಜೀನಿಗೆ ಹಾಕಿ, ಸ್ಲೈಡನ್ನು ಐದು ಸಲ ಧಡ್ ಅಂತ ಬಿಟ್ಟೆ. ಮ್ಯಾಗಜೀನಿನಿಂದ ಛೇಂಬರಿಗೆ ಹೋಗುವ ದಾರಿಯ ಇಳಿಜಾರಿಗೆ ಗುದ್ದಿ ಗುಂಡು ಒಳಕ್ಕೆ ಸರಿಯುತ್ತದಾ ನೋಡೋಕೆ. 28.00 ಇದ್ದದ್ದು 27.98 ಆಯಿತು. ಅಷ್ಟು ಪರವಾಗಿಲ್ಲ. ಇಲ್ಲಿ ಗುಂಡನ್ನು ಹಿಡಿದಿಡುವುದು ಕೇಸಿನ ಬಿಗಿ. ಕೇಸಿನ ಬಾಯಿಯೇ ಛೇಂಬರಿನ ಅಂಚಿಗೆ ತಾಗಿ ನಿಲ್ಲಬೇಕಾದ್ದರಿಂದ ಅದನ್ನು ಮಡಚುವ ಹಾಗಿಲ್ಲ.

ರಿವಾಲ್ವರಿನ .38 ಸ್ಪೆಷಲ್ ತೋಟಾಕ್ಕೆ ಇಷ್ಟು ರಗಳೆ ಇಲ್ಲ. ಗುಂಡಿನ ಸುತ್ತಲೇ ಒಂದು ತೋಡು ಇರುತ್ತದೆ, ಕೇಸಿನ ಬಾಯಿಯನ್ನು ಅದಕ್ಕೆ ಮಡಚಿದರೆ ಉದ್ದ ತಾನಾಗೇ ಬರುತ್ತದೆ. ಅಲ್ಲಿನ ಕಾಟ ಉಲ್ಟಾ. ಹಾರಿಸಿದಾಗಿನ ಒದೆತಕ್ಕೆ ಉಳಿದ ತೋಟಾಗಳ ಗುಂಡು ಮುಂದಕ್ಕೆ ಸರಿದು ಸಿಲಿಂಡರ್ ತಿರುಗದೆ ನಿಲ್ಲಬಹುದು.

ಸಂಜೆ ಹತ್ತೇ ಹತ್ತು ತೋಟಾ ಮಾಡಿದೆ. ಹತ್ತನ್ನೂ ಅಳೆದೆ, ಹತ್ತನ್ನೂ ನಳಿಗೆಗೆ ಇಳಿಬಿಟ್ಟು ನೋಡಿದೆ. ಡಮ್ಮಿಗೆ ಕೆಂಪು ಬಣ್ಣ ಬಳಿದು ಈ ಗುಂಡಿನ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ನೋಟ್‌ಬುಕ್ಕಿನಲ್ಲಿ ಹಳೆಯ 29.2 ಹೊಡೆದುಹಾಕಲಿಲ್ಲ, ಅದರ ಮುಂದೆ 'ದುಂಡು ಮೂಗು ಮಾತ್ರ' ಅಂತ ಸೇರಿಸಿದೆ. ಇನ್ನು ಕೈಗೆ ಸ್ವಲ್ಪ ಎಣ್ಣೆ ಹಚ್ಚಿ ಮಲಗಬೇಕು.